ಯಾವ ಡೇಟಾಬೇಸಿಗೂ ಹೊಂದುವ ಸರಳ ಪದರವನ್ನು ಬರೆಯುವುದು ಹೇಗೆ?

ನಾಳೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಿಟ್ಟು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದಕ್ಕೆ ಹೋದರೂ ಕೋಡಿನ ಒಂದು ಸಾಲನ್ನೂ ತಿದ್ದಬೇಕಾಗದ ಪದರ ತಂತ್ರಾಂಶಕ್ಕೂ ಡೇಟಾಬೇಸಿಗೂ ನಡುವೆ ಬೇಕು ಎಂದಿದ್ದೀರಿ. ರಾಯಚೂರು ಗಂಜಿನ ಅಡತಿ ಅಂಗಡಿಯೊಂದಕ್ಕೆ ಹತ್ತಿ ವ್ಯಾಪಾರದ ಲೆಕ್ಕದ ತಂತ್ರಾಂಶ ಬರೆಯುವಾಗ ನನಗಿದ್ದದ್ದೂ ಇದೇ ಹಂಬಲ. ಉಳಿಸು, ಹುಡುಕು, ಅಳಿಸು ಎಂಬ ಮೂರು ಫಂಕ್ಷನ್‌ಗಳ ಹಿಂದೆ ಇಡೀ ಡೇಟಾಬೇಸನ್ನೇ ಮರೆಮಾಡಿದೆನೆಂದು ಬೀಗಿದ್ದೆ.

ಒಂದು ಸಂಜೆ 14 ಕ್ವಿಂಟಲ್ ಹತ್ತಿಯ ಪಟ್ಟಿ (ರೈತನ ಮಾಲಿನ ಬಿಲ್ಲು) ಮಾಡುತ್ತಿದ್ದಾಗಲೇ ಕರೆಂಟು ಹೋಯಿತು. ಮರುದಿನ ಮುನೀಮರು ತಮ್ಮ ಕಿರ್ದಿ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು, "ತೂಕ ಬಂದೈತಿ, ಹಮಾಲಿ ಕಡಿದೈತಿ, ರೈತನ ಖಾತೆಗೆ ರೊಕ್ಕ ಎಲ್ಲೈತ್ರಿ ಸರ್?" ಎಂದು ಕೇಳಿದರು.

ನನ್ನ ತಪ್ಪನ್ನು ವಿಸ್ತಾರವಾಗಿಯೇ ಹೇಳಬೇಕು. ಟ್ರಾನ್ಸಾಕ್ಷನ್, ಅಂದರೆ ಎಲ್ಲ ಬರಹವೂ ಆಗಬೇಕು ಇಲ್ಲವೇ ಒಂದೂ ಆಗಬಾರದು ಎಂಬ ಕಟ್ಟು; ಅದನ್ನು ಆರಂಭಿಸುವ, ಮುಗಿಸುವ, ಹಿಂದೆಗೆಯುವ ಫಂಕ್ಷನ್‌ಗಳು ಆ ಪದರದಲ್ಲಿ ಇದ್ದೇ ಇದ್ದವು. ಆದರೆ 'ಉಳಿಸು' ಪ್ರತಿ ಸಲವೂ ತನ್ನೊಳಗೇ ಡೇಟಾಬೇಸಿಗೆ ಹೊಸ ಕನೆಕ್ಷನ್ ತೆರೆದು, ಕೆಲಸವಾದೊಡನೆ ಮುಚ್ಚುತ್ತಿತ್ತು. ಟ್ರಾನ್ಸಾಕ್ಷನ್ ಎಂಬುದು ಒಂದೇ ಕನೆಕ್ಷನ್ನಿಗೆ ಸೇರಿದ್ದು; ಅದು ಒಂದು ಕಡೆ ಆರಂಭವಾಗಿ ಸುಮ್ಮನೆ ಕಾಯುತ್ತಿದ್ದರೆ, ಬರಹವೆಲ್ಲ ಬೇರೆ ಕನೆಕ್ಷನ್‌ಗಳಲ್ಲಿ ನಡೆದು, ಆಟೋಕಮಿಟ್ (ಪ್ರತಿ ಬರಹವೂ ತಾನೇ ಖಾಯಂ ಆಗುವ ವ್ಯವಸ್ಥೆ) ಇದ್ದುದರಿಂದ ಒಂದೊಂದು ಸಾಲೂ ಆಗಿಂದಾಗಲೇ ಅಚ್ಚೊತ್ತಿದಂತೆ ಕೂರುತ್ತಿತ್ತು. ಹಿಂದೆಗೆಯುವ ಫಂಕ್ಷನ್ನಾದ ರೋಲ್‌ಬ್ಯಾಕ್ ಕರೆದರೆ, ಹಿಂದೆಗೆಯಲು ಏನೂ ಇಲ್ಲದಿದ್ದರೂ ಅದು ದೋಷ ತೋರಿಸದೆ ಮರಳುತ್ತಿತ್ತು; ಹಾಗಾಗಿ ನನ್ನ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಮೈಎಸ್‌ಕ್ಯೂಎಲ್‌ನ ಸಂಗ್ರಹ ಎಂಜಿನ್ ಇನ್ನೋಡಿಬಿ ಕೊಡುವ ರಕ್ಷಣೆಯನ್ನು ನಾನೇ ಕೈಯಾರೆ ಕಳಚಿಹಾಕಿದ್ದೆ.

ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಆ ಅಂಗಡಿಯ ಡೇಟಾಬೇಸ್ ಇಂದಿಗೂ ಬದಲಾಗಿಲ್ಲ. ಬದಲಾದದ್ದು ಪಟ್ಟಿಯ ನಮೂನೆ ಮತ್ತು ಹಮಾಲಿ ದರ. ಪಿಎಚ್‌ಪಿ ಭಾಷೆಯ 5.1ನೇ ಆವೃತ್ತಿಯಿಂದ ಜೊತೆಗೇ ಬರುತ್ತಿರುವ, ಹಲವು ಡೇಟಾಬೇಸ್‌ಗಳಿಗೆ ಒಂದೇ ಬಗೆಯ ಕರೆಗಳನ್ನು ಕೊಡುವ ಪಿಡಿಒ ಕೂಡ ಎಸ್‌ಕ್ಯೂಎಲ್ ಅನ್ನು (ಡೇಟಾಬೇಸಿಗೆ ಆದೇಶ ಕೊಡುವ ಭಾಷೆಯನ್ನು) ನಿಮಗಾಗಿ ತಿದ್ದಿ ಬರೆಯುವುದಿಲ್ಲ. ಸಾಲು ಮೊದಲೇ ಇದ್ದರೆ ಅದನ್ನೇ ತಿದ್ದು ಎನ್ನಲು ಮೈಎಸ್‌ಕ್ಯೂಎಲ್‌ನಲ್ಲಿ 'ಆನ್ ಡುಪ್ಲಿಕೇಟ್ ಕೀ ಅಪ್‌ಡೇಟ್' ಎಂದು ಬರೆದದ್ದನ್ನು ಪೋಸ್ಟ್‌ಗ್ರೆಸ್‌ನಲ್ಲಿ 'ಆನ್ ಕಾನ್‌ಫ್ಲಿಕ್ಟ್' ಎಂದು ನೀವೇ ಬರೆಯಬೇಕು.

ಆದ್ದರಿಂದ ಪದರವನ್ನು ತೆಳ್ಳಗೇ ಇಡಿ. ಎಸ್‌ಕ್ಯೂಎಲ್ ಕ್ವೆರಿಗಳನ್ನೆಲ್ಲ ಒಂದೆಡೆ ಕೂಡಿಸಿ, 'ಪಟ್ಟಿ ಮುಗಿಸು' ಎಂಬಂಥ ವ್ಯವಹಾರದ ಹೆಸರನ್ನೇ ಕೊಡಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆದೇಶವನ್ನೂ ಅದರೊಳಗಿನ ಮೌಲ್ಯಗಳನ್ನೂ ಬೇರೆಬೇರೆಯಾಗಿ ಕೊಡುವ ಕ್ರಮ) ಕಡ್ಡಾಯ, ಅದರಲ್ಲಿ ಚರ್ಚೆಯೇ ಇಲ್ಲ. ಕನೆಕ್ಷನ್ ಅನ್ನು ಮಾತ್ರ ಫಂಕ್ಷನ್ನಿನೊಳಗೆ ತೆರೆಯದೆ ಹೊರಗಿನಿಂದ ಕೊಡಿ. ಇಷ್ಟಾದ ಮೇಲೆ, ಕೊನೆಯ ಬರಹಕ್ಕೆ ಮೊದಲು ಬೇಕೆಂದೇ ದೋಷವೊಂದನ್ನು ಎಬ್ಬಿಸಿ, ಬೇರೊಂದು ಕನೆಕ್ಷನ್‌ನಿಂದ ಆ ಪಟ್ಟಿಯ ಸಾಲುಗಳನ್ನು ಎಣಿಸಿ ನೋಡಿ. ಸೊನ್ನೆ ಬರುವವರೆಗೆ ತಂತ್ರಾಂಶವನ್ನು ಯಾರ ಕೈಗೂ ಕೊಡಬೇಡಿ.