ಪ್ರತಿ ಏರಿಳಿತಕ್ಕೂ ಕೈ ಹಾಕಬೇಕೇ?

ಓದುಗರ ಪತ್ರ: ಜೀವಕೋಶದೊಳಗಿನ ಗದ್ದಲದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬೇಸರವಾಯಿತು. ಗೊತ್ತುಗುರಿಯಿಲ್ಲದ ಏರಿಳಿತವನ್ನು ನಿಸರ್ಗದ ಕೊಡುಗೆ ಎಂಬಂತೆ ಬರೆದಿದ್ದೀರಿ. ನಾನು ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಇನ್‌ಸ್ಟ್ರುಮೆಂಟೇಷನ್ ಎಂಜಿನಿಯರ್ ಆಗಿ ದುಡಿದವನು. ಏರಿಳಿತ ಕಂಡಲ್ಲೇ ಅದನ್ನು ಅದುಮುವುದಕ್ಕೆ ನಿಯಂತ್ರಣ ಎನ್ನುತ್ತಾರೆ. ದೇಹವೂ ಮಾಡಲೆತ್ನಿಸುವುದು ಅದನ್ನೇ, ಪೂರ್ತಿ ಕೈಗೂಡಿಲ್ಲ ಅಷ್ಟೆ. ನಮ್ಮ ಶಾಲೆ, ಕಚೇರಿಗಳಲ್ಲೂ ಅಂಥ ಬಿಗಿಯಾದ ಫೀಡ್‌ಬ್ಯಾಕ್ (ಫಲಿತಾಂಶ ನೋಡಿ ಕೂಡಲೇ ತಿದ್ದುವ ಏರ್ಪಾಡು) ಇದ್ದಿದ್ದರೆ ದೇಶ ಎಂದೋ ಸುಧಾರಿಸುತ್ತಿತ್ತು. ಏನನ್ನುತ್ತೀರಿ? – ನಿವೃತ್ತ ಎಂಜಿನಿಯರ್, ಭದ್ರಾವತಿ

ಸಂಪಾದಕರ ಉತ್ತರ:

ಮಾನ್ಯರೇ, ಕಾರ್ಖಾನೆಯ ಅನುಭವವನ್ನು ಮುಂದಿಟ್ಟುಕೊಂಡು ಬರೆಯುವ ಓದುಗರು ನಮಗೆ ಅಪರೂಪ. ಅದಕ್ಕೇ ನಿಮ್ಮ ಪತ್ರಕ್ಕೆ ಈ ಸಲ ಹೆಚ್ಚಿನ ಜಾಗ. ಆದರೆ ಅದರ ಮುಖ್ಯ ಮಾತನ್ನು ನಾನು ಒಪ್ಪುವುದಿಲ್ಲ ಎಂದು ಮೊದಲಿಗೇ ಹೇಳಿಬಿಡುತ್ತೇನೆ.

ಒಪ್ಪಬೇಕಾದಷ್ಟನ್ನು ಒಪ್ಪುತ್ತೇನೆ. ವಿಶ್ವೇಶ್ವರಯ್ಯನವರು 1903ರಲ್ಲಿ ಪೇಟೆಂಟ್ ಪಡೆದು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಕೂರಿಸಿದ ಸ್ವಯಂಚಾಲಿತ ಗೇಟುಗಳು ಮುಂದೆ ಕನ್ನಂಬಾಡಿಗೂ ಬಂದವು. ನೀರು ಮಟ್ಟ ಮೀರಿದರೆ ಅವು ತಾವಾಗಿ ತೆರೆದುಕೊಳ್ಳುತ್ತವೆ, ಇಳಿದರೆ ಮುಚ್ಚಿಕೊಳ್ಳುತ್ತವೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಮೇಲೇರಿದ ತೇಜಸ್ ವಿಮಾನದ ವಿನ್ಯಾಸವೇ ಅಸ್ಥಿರ. ಕಂಪ್ಯೂಟರು ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಅದು ಹಾರಲಾರದು. ಫೀಡ್‌ಬ್ಯಾಕಿನ ಈ ಹಿರಿಮೆಯನ್ನು ಅಲ್ಲಗಳೆಯುವವರು ಯಾರೂ ಇಲ್ಲ.

ಆದರೆ ಅಣೆಕಟ್ಟಿನ ಗೇಟು ತೆರೆಯಬೇಕಾದ್ದು ನೆರೆ ಬಂದಾಗ. ಗಾಳಿಗೆದ್ದ ಅಲೆಗೆಲ್ಲ ತೆರೆದು ಮುಚ್ಚುತ್ತಿದ್ದರೆ ಅದು ಎಷ್ಟು ದಿನ ಬಾಳೀತು? ತಿದ್ದುವ ಮೊದಲು ಇದು ನೆರೆಯೋ ಅಲೆಯೋ ಎಂದು ತಿಳಿಯಬೇಕು. ನಿಮ್ಮ ಪತ್ರದಲ್ಲಿ ಈ ಪ್ರಶ್ನೆಗೇ ಜಾಗವಿಲ್ಲ. ಜಪಾನಿನ ಕಾರ್ಖಾನೆಗಳ ಹಿರಿಯರಿಗೆ 1950ರಲ್ಲಿ ಗುಣಮಟ್ಟದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್ ಇದನ್ನೇ ಒಂದು ಆಲಿಕೆ ಮತ್ತು ಗೋಲಿಯಲ್ಲಿ ಮಾಡಿ ತೋರಿಸುತ್ತಿದ್ದರು. ಮೇಜಿನ ಮೇಲೊಂದು ಗುರುತು, ಅದರ ನೇರಕ್ಕೆ ಮೇಲೊಂದು ಆಲಿಕೆ. ಆಲಿಕೆಯ ಮೂಲಕ ಬಿಟ್ಟ ಗೋಲಿ ಒಮ್ಮೆ ಗುರುತಿನ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಿ ನಿಲ್ಲುತ್ತದೆ. ಆಲಿಕೆಯನ್ನು ಮುಟ್ಟದೆ ಬಿಡುತ್ತಾ ಹೋದರೆ ಗುರುತಿನ ಸುತ್ತ ಒಂದು ಪುಟ್ಟ ಗುಂಪು ಮೂಡುತ್ತದೆ. ಈಗ ನಿಮ್ಮ ಸೂತ್ರದಂತೆ ನಡೆಯೋಣ: ಗೋಲಿ ಎರಡು ಅಂಗುಲ ಎಡಕ್ಕೆ ಬಿದ್ದರೆ ಆಲಿಕೆಯನ್ನು ಎರಡು ಅಂಗುಲ ಬಲಕ್ಕೆ ಸರಿಸುವುದು, ಮೂರು ಅಂಗುಲ ಮುಂದೆ ಬಿದ್ದರೆ ಮೂರು ಅಂಗುಲ ಹಿಂದಕ್ಕೆ. ಪ್ರತಿ ಗೋಲಿಗೂ ಹೀಗೆಯೇ. ಕೊನೆಗೆ ಚದುರುವಿಕೆಯ ಅಳತೆಯಾದ ವೇರಿಯನ್ಸ್ ಸರಿಯಾಗಿ ಎರಡರಷ್ಟಾಗುತ್ತದೆ. ಹಿಂದಿನ ಗೋಲಿ ತಪ್ಪಿದ್ದು ಆಕಸ್ಮಿಕ, ಮುಂದಿನದು ಎಲ್ಲಿ ಬೀಳುತ್ತದೆಂದು ಅದು ಹೇಳಲಾರದು. ಆಲಿಕೆಯನ್ನು ಸರಿಸಿದವನು ಹೊಸ ಆಕಸ್ಮಿಕದ ತಲೆಯ ಮೇಲೆ ಹಳೆಯದನ್ನೂ ಹೇರಿದ.

ಇದು ನಿಮಗೆ ಗೊತ್ತಿಲ್ಲದ ಸಂಗತಿಯೇ? ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ ಕುದಿತಕ್ಕೆ ಸದಾ ತುಯ್ಯುತ್ತಿರುತ್ತದೆ. ಅಳತೆ ನೋಡಿ ನೀರಿನ ವಾಲ್ವನ್ನು ತಿದ್ದುವ ಪಿಐಡಿ ಕಂಟ್ರೋಲರಿನ ಡಿ ಭಾಗ ಬದಲಾವಣೆಯ ವೇಗವನ್ನು ನೋಡುವುದರಿಂದ ಅಳತೆಯ ನಡುಕವನ್ನೆಲ್ಲ ಹಿಗ್ಗಿಸಿ ವಾಲ್ವಿಗೆ ದಾಟಿಸುತ್ತದೆ, ವಾಲ್ವು ನಡುಗಿ ನಡುಗಿ ಸವೆಯುತ್ತದೆ. ಅದಕ್ಕೇ ಎಷ್ಟೋ ಕಾರ್ಖಾನೆಗಳಲ್ಲಿ ಡಿಯನ್ನು ಸೊನ್ನೆಗಿಟ್ಟು, ಸಿಗ್ನಲ್ಲಿಗೆ ಫಿಲ್ಟರ್ ಹಾಕಿ, ಇಷ್ಟರೊಳಗಿನ ಏರಿಳಿತಕ್ಕೆ ವಾಲ್ವು ಅಲುಗಬಾರದೆಂದು ಡೆಡ್ ಬ್ಯಾಂಡ್ ಬಿಟ್ಟಿರುತ್ತಾರೆ. ನೀವೂ ಬಿಟ್ಟಿರಲೇಬೇಕು. ಪ್ಲಾಂಟಿನಲ್ಲಿ ನಿಮ್ಮ ಕೈ ಮಾಡಿದ ವಿವೇಕದ ಕೆಲಸವನ್ನು ಪತ್ರ ಬರೆಯುವಾಗ ಏಕೆ ಮರೆತಿರಿ?

ಇನ್ನು ಜೀವಕೋಶ. ಒಂದು ಬ್ಯಾಕ್ಟೀರಿಯಾದೊಳಗೆ ಒಂದು ಜೀನ್‌ನ (ವಂಶವಾಹಿಯ) ಆರ್‌ಎನ್‌ಎ ಪ್ರತಿಗಳು, ಅಂದರೆ ಪ್ರೋಟೀನ್ ತಯಾರಿಸಲು ಬಳಸುವ ನಕಲುಗಳು, ಅನೇಕ ವೇಳೆ ಬೆರಳೆಣಿಕೆಯಷ್ಟೇ ಇರುತ್ತವೆ. ಒಂದು ಅಣು ಹೆಚ್ಚಾದರೂ ಕಡಿಮೆಯಾದರೂ ಅದು ದೊಡ್ಡ ವ್ಯತ್ಯಾಸ. 2002ರಲ್ಲಿ ಮೈಕೆಲ್ ಎಲೊವಿಟ್ಜ್ ಮತ್ತು ಸಂಗಡಿಗರು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಒಂದೇ ಬಗೆಯ ಸ್ವಿಚ್ಚಿಗೆ ಎರಡು ಬೇರೆ ಬಣ್ಣದ ಪ್ರೋಟೀನುಗಳ ಜೀನ್‌ಗಳನ್ನು ಜೋಡಿಸಿದರು. ಚಿತ್ರದಲ್ಲಿ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು. ಎರಡೂ ಸಮನಾಗಿ ತಯಾರಾಗುವುದಿದ್ದರೆ ಎರಡು ಬೆಳಕೂ ಬೆರೆತು ಎಲ್ಲ ಕೋಶಗಳೂ ಹಳದಿಯಾಗಿ ಕಾಣಬೇಕಿತ್ತು. ಕಂಡದ್ದು ಹಾಗಲ್ಲ: ಒಂದೇ ವಂಶದ, ಒಂದೇ ಆಹಾರ ಉಂಡ ಅಕ್ಕಪಕ್ಕದ ಕೋಶಗಳಲ್ಲಿ ಒಂದು ಕೆಂಪಗೆ, ಒಂದು ಹಸಿರಾಗಿ, ಇನ್ನೊಂದು ಹಳದಿಯಾಗಿ ಹೊಳೆಯುತ್ತಿದ್ದವು.

ಹಾಗಿದ್ದರೆ ಫೀಡ್‌ಬ್ಯಾಕ್ ಹಾಕಿ ತಿದ್ದಿಕೊಳ್ಳಬಾರದೇ ಎನ್ನುತ್ತೀರಿ. ತಿದ್ದಿಕೊಳ್ಳುತ್ತವೆ. ತನ್ನ ಉತ್ಪಾದನೆಯನ್ನು ತಾನೇ ತಡೆಯುವ ಜೀನ್‌ನಲ್ಲಿ ಏರಿಳಿತ ಕಡಿಮೆ ಎಂದು ಬೆಚ್ಕೈ ಮತ್ತು ಸೆರಾನೊ 2000ದಲ್ಲೇ ತೋರಿಸಿದ್ದಾರೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಎಷ್ಟು ನೋಡಿ. 2010ರಲ್ಲಿ ಲೆಸ್ಟಾಸ್, ವಿನ್ನಿಕೋಂಬ್, ಪಾಲ್ಸನ್ ಹಾಕಿದ ಲೆಕ್ಕದಂತೆ ಏರಿಳಿತದ ಪ್ರಮಾಣವನ್ನು ಅರ್ಧಕ್ಕಿಳಿಸಲು ಸುದ್ದಿ ಮುಟ್ಟಿಸುವ ಅಣುಗಳು ಹದಿನಾರು ಪಟ್ಟು ಬೇಕು. ಹತ್ತರಲ್ಲೊಂದು ಪಾಲಿಗೆ ಇಳಿಸಬೇಕಾದರೆ ಹತ್ತು ಸಾವಿರ ಪಟ್ಟು! ಅಷ್ಟನ್ನು ತಯಾರಿಸಲು ಕೂತ ಕೋಶ ಬೇರೇನು ಕೆಲಸ ಮಾಡೀತು? ದೇಹಕ್ಕೆ ನಿಯಂತ್ರಣ ಕೈಗೂಡಿಲ್ಲ ಎಂದಿರಿ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬಿಟ್ಟುಬಿಡಬೇಕು ಎಂಬ ಹದವನ್ನು ಅದು ಕೋಟ್ಯಂತರ ವರ್ಷಗಳಲ್ಲಿ ಕಂಡುಕೊಂಡಿದೆ ಎಂದು ನಾನು ಹೇಳುತ್ತೇನೆ.

ಬಿಟ್ಟದ್ದು ಕೆಲವೊಮ್ಮೆ ಪ್ರಾಣವನ್ನೂ ಉಳಿಸುತ್ತದೆ. 1944ರಲ್ಲಿ ಜೋಸೆಫ್ ಬಿಗ್ಗರ್ ಪೆನಿಸಿಲಿನ್ ಹಾಕಿದಾಗ ಸಾಯದೆ ಉಳಿದ ಕೆಲವೇ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡಿದರೆ ಅವುಗಳ ಸಂತತಿ ಅದೇ ಔಷಧಕ್ಕೆ ಎಂದಿನಂತೆ ಸತ್ತಿತು. ಅವು ವಂಶವಾಹಿ ಬದಲಾಗಿ ಬದುಕಿದವಲ್ಲ, ಆ ಹೊತ್ತಿಗೆ ನಿದ್ದೆಯಂಥ ಸ್ಥಿತಿಯಲ್ಲಿದ್ದವು. ಔಷಧ ಬೀಳುವ ಮೊದಲೇ ಅಂಥವು ಗುಂಪಿನಲ್ಲಿರುತ್ತವೆ ಎಂದು ನತಾಲಿ ಬಲಬಾನ್ ಮತ್ತು ಸಂಗಡಿಗರು 2004ರಲ್ಲಿ ಒಂದೊಂದೇ ಕೋಶವನ್ನು ಹಿಂಬಾಲಿಸಿ ಕಂಡರು. ಎಲ್ಲವೂ ಒಂದೇ ತೆರನಾಗಿದ್ದಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

ಹೆರಿಗೆ ವಾರ್ಡಿನಲ್ಲಿ ಗರ್ಭದ ಮಗುವಿನ ಎದೆಬಡಿತ ದಾಖಲಿಸುವ ಸಿಟಿಜಿ ಯಂತ್ರದಿಂದ ಹೊರಬರುವ ಕಾಗದದ ಪಟ್ಟಿಯನ್ನು ಗಮನಿಸಿ. ಹುಟ್ಟಲಿರುವ ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು, ಸರಿ. ಆದರೆ ಅನುಭವಿ ನರ್ಸಿನ ಕಣ್ಣು ಹುಡುಕುವುದು ಗೆರೆಯ ಗರಗಸದಂಥ ಅಂಚನ್ನು. 5ರಿಂದ 25 ಬಡಿತಗಳಷ್ಟು ಮೇಲೆ ಕೆಳಗೆ ಆಡುತ್ತಿದ್ದರೆ ಅವರಿಗೆ ನೆಮ್ಮದಿ. ಗೆರೆ ನುಣುಪಾದರೆ, ಮಗು ಮಲಗಿದೆಯೇನೋ ಎಂದು ಸ್ವಲ್ಪ ಕಾಯುತ್ತಾರೆ. ಆಮೇಲೂ ಹಾಗೇ ಉಳಿದರೆ ವೈದ್ಯರನ್ನು ಕರೆಯುತ್ತಾರೆ. ನರಮಂಡಲ ಹೃದಯವನ್ನು ಅತ್ತಿತ್ತ ಎಳೆಯುತ್ತಿರುವಷ್ಟು ಕಾಲವೂ ಆ ಗೆರೆ ಕುಣಿಯುತ್ತಿರುತ್ತದೆ. ನೀವು ಅದುಮಬೇಕೆನ್ನುವ ಏರಿಳಿತ ಅಲ್ಲಿ ಆರೋಗ್ಯದ ಗುರುತು.

ಇನ್ನು ನಿಮ್ಮ ಶಾಲೆ, ಕಚೇರಿಗಳ ಮಾತು. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಬಿಗಿ ಫೀಡ್‌ಬ್ಯಾಕ್ ಇಲ್ಲ ಎಂದಿರಿ, ಇರುವುದೇ ಅದು! ನನಗೆ ಗೊತ್ತಿರುವ ಶಾಲೆಯೊಂದರಲ್ಲಿ ವಾರವಾರವೂ ಪರೀಕ್ಷೆ, ವಾರವಾರವೂ ಗೋಡೆಗೆ ಅಂಕಪಟ್ಟಿ. 25ಕ್ಕೆ 19 ಬಂದವಳಿಗೆ ಮುಂದಿನ ವಾರ 16 ಬಂದರೆ ತಂದೆತಾಯಿಗೆ ಕರೆ ಹೋಗುತ್ತದೆ, ಟ್ಯೂಷನ್ ಬದಲಾಗುತ್ತದೆ, ಸಂಜೆಯ ಆಟ ನಿಲ್ಲುತ್ತದೆ. ಪ್ರಶ್ನೆಪತ್ರಿಕೆ ಬೇರೆ, ಅಂದಿನ ನಿದ್ದೆ ಬೇರೆ, ಮೂರು ಅಂಕದಲ್ಲಿ ಆ ಮಗುವಿನ ಕಲಿಕೆಯ ಬಗ್ಗೆ ಏನಿದೆ? ಬೈದ ಮೇಲೆ 18 ಬಂದರೆ, ನೋಡಿ, ಬೈದದ್ದು ಫಲಿಸಿತು ಎನ್ನುತ್ತಾರೆ. ಇಸ್ರೇಲಿನ ವಾಯುಪಡೆಯ ತರಬೇತುದಾರರೂ ಹೀಗೇ ನಂಬಿದ್ದರೆಂದು ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಬರೆದಿದ್ದಾರೆ. ಹೊಗಳಿದವನ ಮುಂದಿನ ಹಾರಾಟ ಕೆಡುತ್ತದೆ, ಬೈಸಿಕೊಂಡವನದು ಸುಧಾರಿಸುತ್ತದೆ ಎಂಬುದು ಅವರ ಅನುಭವ. ತೀರಾ ಕೆಟ್ಟ ಹಾರಾಟದ ನಂತರದ್ದು ಬೈದರೂ ಬೈಯದಿದ್ದರೂ ಸಾಮಾನ್ಯವಾಗಿ ಸರಾಸರಿಯ ಕಡೆಗೇ ಮರಳುತ್ತದೆ. ಬೈಗುಳಕ್ಕೆ ಸಿಗುವ ಈ ಸುಳ್ಳು ಕೀರ್ತಿಯಿಂದ ನಮ್ಮ ಎಷ್ಟು ಮಕ್ಕಳು ಪೆಟ್ಟು ತಿಂದಿದ್ದಾರೋ!

ನಮ್ಮ ಪತ್ರಿಕಾವೃತ್ತಿಯೂ ಇದರಲ್ಲಿ ಪಾಲುದಾರ. ಷೇರುಪೇಟೆಯ ಸೂಚ್ಯಂಕ ಅಷ್ಟಿಷ್ಟು ಇಳಿದರೂ ಮರುದಿನ ಅದಕ್ಕೊಂದು ಕಾರಣ ಅಚ್ಚಾಗಲೇಬೇಕು. ಮನೆಯಲ್ಲಿ ಬಿಪಿ ಯಂತ್ರ ಕೊಂಡವರು ಗಂಟೆಗೊಮ್ಮೆ ನೋಡಿಕೊಂಡು ತಾವೇ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಬರೆದುಕೊಡುವುದು ಒಂದು ಬೆಳಗಿನ ಅಂಕಿಯನ್ನಷ್ಟೇ ನಂಬಿ ಔಷಧ ಬದಲಿಸಬಾರದೆಂದೇ. ಅಷ್ಟು ತಾಳ್ಮೆಯನ್ನು ಒಬ್ಬ ಮೇಷ್ಟರಿಗೆ, ಒಬ್ಬ ಗುಮಾಸ್ತನಿಗೆ, ಹತ್ತು ವರ್ಷದ ಒಂದು ಮಗುವಿಗೆ ನಾವು ಏಕೆ ತೋರಿಸುವುದಿಲ್ಲ?

ನಿಮ್ಮಲ್ಲೊಂದು ಕೋರಿಕೆ. ಬಾಯ್ಲರಿನ ಡೆಡ್ ಬ್ಯಾಂಡನ್ನು ಎಷ್ಟಕ್ಕೆ ಇಡಬೇಕೆಂದು ನೀವು ಹೇಗೆ ನಿರ್ಧರಿಸುತ್ತಿದ್ದಿರಿ, ಕೈ ಹಾಕದೆ ಸುಮ್ಮನಿರಬೇಕಾದ ಗಳಿಗೆ ನಿಮಗೆ ಹೇಗೆ ತಿಳಿಯುತ್ತಿತ್ತು ಎಂಬುದನ್ನು ನಮ್ಮ ಓದುಗರಿಗಾಗಿ ಬರೆದುಕೊಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಕಾದಿರಿಸಿದ್ದೇನೆ. ನನ್ನನ್ನು ಖಂಡಿಸಬೇಕೆನಿಸಿದರೆ ಅದನ್ನೂ ಅಲ್ಲಿಯೇ ಸೇರಿಸಿ.