ಸೀಲಿಂಗ್ ಬಿಚ್ಚಿದರೆ ತುಕ್ಕು ಹಿಡಿದ ಕಂಬಿ, ಮಾರಿದವರು ಕೈ ತೊಳೆದುಕೊಂಡರು

ಪ್ರಶ್ನೆ: ದಾವಣಗೆರೆಯಲ್ಲಿ ಹಳೇ ಮನೆ ಕೊಂಡು ಏಳು ತಿಂಗಳಾಯಿತು. ನೋಡಲು ಹೋದಾಗ ಹೊಸ ಬಣ್ಣ, ಹಾಲ್‌ನಲ್ಲಿ ಹೊಸ ಪಿಓಪಿ ಸೀಲಿಂಗ್. ಮಳೆ ಶುರುವಾದ ಮೇಲೆ ಸೀಲಿಂಗಿನ ಮೂಲೆ ಕಂದಾಗಿ ಜೋತು ಬಿತ್ತು. ಬಿಚ್ಚಿಸಿದರೆ ಮೌಲ್ಡಿನ (ಕಾಂಕ್ರೀಟ್ ಛಾವಣಿಯ) ಗಾರೆ ಉದುರಿ ಕಂಬಿ ಕಾಣುತ್ತಿದೆ, ಬೆರಳಲ್ಲಿ ಉಜ್ಜಿದರೆ ತುಕ್ಕಿನ ಪುಡಿ. ಪಕ್ಕದಲ್ಲೇ ಹಳೇ ಸಿಮೆಂಟ್ ತೇಪೆ. ಮಾರಿದವರು ‘ನೋಡಿಯೇ ತಾನೆ ತಗೊಂಡಿದ್ದು’ ಅಂತಾರೆ. ಕ್ರಯಪತ್ರದಲ್ಲಿ ‘ಇದ್ದ ಸ್ಥಿತಿಯಲ್ಲಿ’ ಅಂತಲೂ ಬರೆದಿದೆ. ಪೊಲೀಸರಿಗೆ ದೂರು ಕೊಡಲಾ?
– ಹೆಸರು ಬೇಡ

ಉತ್ತರ: ನೀವು ನೋಡಿದ್ದು ಸೀಲಿಂಗನ್ನು, ಮೌಲ್ಡನ್ನಲ್ಲ. ನಿಮ್ಮ ಕೇಸು ನಿಂತಿರುವುದೇ ಇದರ ಮೇಲೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಇದ್ದರೆ ಅದನ್ನು ಮೊದಲೇ ಹೇಳಬೇಕು. ಹೇಳದಿದ್ದರೆ ಅದು ವಂಚನೆ ಅಂತ ಅದೇ ಸೆಕ್ಷನ್ನಿನಲ್ಲಿದೆ. ಗೋಡೆಯಲ್ಲಿ ಎದ್ದು ಕಾಣುವ ಬಿರುಕಿಗೆ ಇದು ಅನ್ವಯಿಸೋದಿಲ್ಲ, ಅದನ್ನು ನೀವೇ ನೋಡಬೇಕಿತ್ತು ಅಂತ ಕೋರ್ಟು ಹೇಳುತ್ತದೆ.

‘ಇದ್ದ ಸ್ಥಿತಿಯಲ್ಲಿ’ ಅನ್ನೋ ಮಾತು ಸ್ವಲ್ಪ ತೊಡಕೇ, ಸುಳ್ಳು ಹೇಳಲ್ಲ. ಎದುರು ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಆದರೆ ಗೊತ್ತಿದ್ದೂ ಮುಚ್ಚಿಟ್ಟಿದ್ದಾರೆ ಅಂತ ನೀವು ತೋರಿಸಿಬಿಟ್ಟರೆ ಆ ಒಂದು ಸಾಲಿನ ಹಿಂದೆ ಅವರು ಅಡಗಿಕೊಳ್ಳೋದು ಕಷ್ಟ. ಹಾಗಾಗಿ ಆ ಹಳೇ ತೇಪೆ ನಿಮಗೆ ಚಿನ್ನ ಇದ್ದಂತೆ. ಗೊತ್ತಿಲ್ಲದವರು ತೇಪೆ ಯಾಕೆ ಹಾಕಿಸುತ್ತಾರೆ, ಅಲ್ವಾ?

ಅದನ್ನು ಈಗಲೇ ಕೆತ್ತಿಸಿ ಸರಿಮಾಡಿಸಬೇಡಿ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ, ತೇಪೆ ಎಷ್ಟು ಹಳೇದಿರಬಹುದು, ರಿಪೇರಿಗೆ ಎಷ್ಟಾಗುತ್ತದೆ ಅಂತ ಬರೆಸಿ, ಸಹಿ ಮಾಡಿಸಿ. ಫೋಟೊ, ವಿಡಿಯೊ ತೆಗೆದ ಫೋನನ್ನು ಇಟ್ಟುಕೊಂಡಿರಿ. ದಲ್ಲಾಳಿ ಕಳಿಸಿದ ವಾಟ್ಸ್ಆ್ಯಪ್ ಮೆಸೇಜುಗಳನ್ನೂ ಅಳಿಸಬೇಡಿ. ಆಮೇಲೆ ವಕೀಲರಿಂದ ನೋಟಿಸ್ ಕೊಡಿಸಿ, ಇಂಥ ದಿನ ಬಂದು ನೋಡಿ, ಆಮೇಲೆ ರಿಪೇರಿ ಶುರು ಮಾಡುತ್ತೇವೆ ಅಂತ ಅದರಲ್ಲೇ ತಿಳಿಸಿ. ಅಷ್ಟರವರೆಗೆ ಹಾಲ್‌ನಲ್ಲಿ ಯಾರೂ ಮಲಗೋದು ಬೇಡ, ಎಂಜಿನಿಯರ್ ಹೇಳಿದ ಕಡೆ ಮೌಲ್ಡಿಗೆ ಆಸರೆಯಾಗಿ ಜಾಕ್ ಕೊಡಿಸಿ.

ಹಣ ಪೂರ್ತಿ ವಾಪಸ್ ಕೇಳಬಹುದು, ಕ್ರಯ ರದ್ದು ಮಾಡಿ ಅಂತ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬಹುದು. ವಂಚನೆ ಗೊತ್ತಾದ ದಿನದಿಂದ 3 ವರ್ಷ ಟೈಮ್ ಇದೆ. ಆದರೆ ವಿಷಯ ಗೊತ್ತಾದ ಮೇಲೂ ಸುಮ್ನೆ ಇದ್ದು, ಮನೆ ನಮ್ಮದೇ ಅಂತ ಮಾರ್ಪಾಡು ಮಾಡಿಸುತ್ತಾ ಹೋದರೆ ರದ್ದು ಕೇಳೋ ಹಕ್ಕು ಕೈತಪ್ಪಬಹುದು. ನನ್ನನ್ನು ಕೇಳಿದರೆ, ಜಾಗ ಇಷ್ಟವಾಗಿದ್ದರೆ, ಸಾಲವೂ ಇದ್ದರೆ, ರಿಪೇರಿ ಖರ್ಚಿನ ಪರಿಹಾರ ಕೇಳೋದೇ ಹಗುರ. (ಬ್ಯಾಂಕಿನವರು ಬಂದು ನೋಡಿದ್ದರಲ್ಲ ಅನ್ನಬೇಡಿ, ಅವರು ನೋಡೋದು ಬೆಲೆಯನ್ನು, ಕಂಬಿಯನ್ನಲ್ಲ.)

ಪೊಲೀಸರ ಬಗ್ಗೆ ಕೇಳಿದ್ದೀರಿ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಮೋಸಕ್ಕೆ ಇದೆ, ದೂರು ಕೊಡಲೂಬಹುದು, ಆದರೆ ‘ಇದು ಸಿವಿಲ್ ವ್ಯಾಜ್ಯ’ ಅಂತ ವಾಪಸ್ ಕಳಿಸೋದೇ ಜಾಸ್ತಿ. ತನ್ನ ಮನೆ ತಾನು ಮಾರಿದವರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಿಯೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಪಕ್ಕದ ಮನೆಯವರು ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಹೋಗಿ ಅಂದರೆ, ಅದು ಬಿಲ್ಡರ್‌ಗಳಿಗೆ: ಅಲ್ಲಿ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ನಿಮ್ಮದು ಆ ಲೆಕ್ಕಕ್ಕೆ ಬರೋದಿಲ್ಲ.

ಇನ್ನೊಂದು. ಆ ಪಿಓಪಿ ಹಾಕಿದ ಹುಡುಗರು ನಿಮ್ಮೂರಿನವರೇ ಇರಬಹುದು. ಕೆಲಸ ಮಾಡುವಾಗ ಮೇಲೆ ಏನು ಕಂಡಿತ್ತು, ‘ಮುಚ್ಚಿಬಿಡಿ’ ಅಂತ ಯಾರು ಹೇಳಿದರು ಅಂತ ಅವರಿಗೆ ನೆನಪಿರುತ್ತದೆ. ನೋಟಿಸ್ ಹೋಗೋ ಮುಂಚೆ ಅವರನ್ನು ಹುಡುಕಿ ಮಾತಾಡಿಸಿ.