ಅಮ್ಮನಿಗೆ ಸ್ಕಿಜೋಫ್ರೇನಿಯಾ ಇದ್ದರೆ ನನಗೂ ಬರುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 27, ಗಂಡಸು. ಅಮ್ಮನಿಗೆ ಬಹಳ ವರ್ಷದಿಂದ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ಮನೋರೋಗ) ಇದೆ, ಸೋದರಮಾವನಿಗೂ "ಅಂಥದ್ದೇ ಏನೋ" ಇತ್ತಂತೆ. ಈ ಕಾಯಿಲೆ ಶೇ 80ರಷ್ಟು ಆನುವಂಶಿಕ ಎಂದು ಎಲ್ಲೋ ಓದಿ ನಿದ್ದೆ ಕೆಟ್ಟಿದೆ. ನಿಮಗೆ ಬರುತ್ತದಾ, ಮುಂದೆ ಹುಟ್ಟುವ ಮಕ್ಕಳಿಗೆ ಬರುತ್ತದಾ?

ಮೊದಲು ಆ 80ರ ಭಯ ಇಳಿಸುತ್ತೇನೆ. ಒಂದು ಜನಸಮೂಹದಲ್ಲಿ ಕೆಲವರಿಗೆ ಕಾಯಿಲೆ ಬರುತ್ತದೆ, ಹೆಚ್ಚಿನವರಿಗೆ ಬರುವುದಿಲ್ಲ. ಆ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು ಎಂಬುದನ್ನು ಆ ಅಂಕಿ ಅಳೆಯುತ್ತದೆ. ನಿಮ್ಮೊಬ್ಬರಿಗೆ ಬರುವ ಸಾಧ್ಯತೆಗೂ ಅದಕ್ಕೂ ನೇರ ಸಂಬಂಧವಿಲ್ಲ. 2018ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅವಳಿಗಳ ಅಧ್ಯಯನ ನೋಡಿ. ಅದರಲ್ಲಿ ಆನುವಂಶಿಕತೆಯ ಪಾಲು ಶೇ 79 ಎಂದು ಬಂತು. ಅದೇ ಅಧ್ಯಯನದಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದಾಗ ಇನ್ನೊಬ್ಬರಿಗೂ ಇದ್ದದ್ದು ಶೇ 33ರಷ್ಟು ಮಾತ್ರ. ಜೀನ್‌ಗಳು ಹೆಚ್ಚುಕಡಿಮೆ ಒಂದೇ, ಆದರೂ ಮೂವರಲ್ಲಿ ಇಬ್ಬರು ತಪ್ಪಿಸಿಕೊಂಡಿದ್ದಾರೆ. ನೀವು ಅಮ್ಮನ ತದ್ರೂಪಿಯಲ್ಲ, ಅವರ ಜೀನ್‌ಗಳಲ್ಲಿ ಅರ್ಧ ಮಾತ್ರ ನಿಮ್ಮಲ್ಲಿವೆ.

ಈಗ ನಿಮಗೆ ಬೇಕಾದ ಅಂಕಿ. ಯಾರಿಗೇ ಆಗಲಿ ಜೀವಮಾನದಲ್ಲಿ ಈ ಕಾಯಿಲೆ ಬರುವ ಸಾಧ್ಯತೆ ಸುಮಾರು ಶೇ 1. ತಂದೆ ಅಥವಾ ತಾಯಿ ಒಬ್ಬರಿಗಿದ್ದರೆ ಶೇ 13 ಎಂದು ಹಳೆಯ ಯುರೋಪಿನ ಕುಟುಂಬ ಅಧ್ಯಯನಗಳನ್ನು ಒಟ್ಟುಗೂಡಿಸಿದ ಮನೋವಿಜ್ಞಾನಿ ಇರ್ವಿಂಗ್ ಗಾಟ್ಸ್‌ಮನ್ ಅವರ ಪಟ್ಟಿ ಹೇಳುತ್ತದೆ. ಅಂತರ್ಜಾಲದಲ್ಲಿ ಓಡಾಡುವುದು ಹೆಚ್ಚಾಗಿ ಇದೇ ಪಟ್ಟಿ. ಒಡಹುಟ್ಟಿದವರಿಗಿದ್ದರೆ 9, ಸೋದರಮಾವ, ಚಿಕ್ಕಪ್ಪ, ಅತ್ತೆ ಇಂಥವರಿಗಿದ್ದರೆ 4, ಅಜ್ಜ-ಅಜ್ಜಿಗಿದ್ದರೆ 5. ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆಗಳಿಂದ ಇದೇ ಗಾಟ್ಸ್‌ಮನ್ ತಂಡ 2010ರಲ್ಲಿ ತೆಗೆದ ಲೆಕ್ಕ ಬೇರೆಯಾಗಿತ್ತು: ಹೆತ್ತವರಲ್ಲಿ ಒಬ್ಬರಿಗಿದ್ದರೆ 52ನೇ ವಯಸ್ಸಿನೊಳಗೆ ಶೇ 7, ಇಬ್ಬರಿಗೂ ಇದ್ದರೆ ಶೇ 27, ಇಬ್ಬರಿಗೂ ಇಲ್ಲದಿದ್ದರೆ ಶೇ 0.86. ಎರಡರಲ್ಲಿ ಯಾವುದೂ ಸುಳ್ಳಲ್ಲ. ಹಳೆಯ ಅಧ್ಯಯನಗಳು ಚಿಕ್ಕವು, ರೋಗನಿರ್ಣಯದ ಗೆರೆಯೂ ಆಗ ಅಗಲವಾಗಿತ್ತು. ಹೊಸದು ಆಸ್ಪತ್ರೆಗೆ ದಾಖಲಾದವರನ್ನು ಎಣಿಸಿದೆ, ಹಾಗಾಗಿ ಕೆಲವರು ತಪ್ಪಿಹೋಗಿರುತ್ತಾರೆ. ಹುಟ್ಟುವಾಗ ನಿಮ್ಮ ಪಾಲಿಗೆ ನೂರಕ್ಕೆ 7ರಿಂದ 13 ಎಂದು ಇಟ್ಟುಕೊಳ್ಳಿ. ಮಾವನ 4 ಅನ್ನು ಅದಕ್ಕೆ ಕೂಡಿಸಬೇಡಿ. ಅಮ್ಮ, ಮಾವ ಇಬ್ಬರದೂ ಬಹುಪಾಲು ಒಂದೇ ಮನೆತನದ ಜೀನ್‌ಗಳು. ಇಬ್ಬರಿಗೂ ಇದ್ದದ್ದು ನಿಜವಾದರೆ ನೀವು ಆ ವ್ಯಾಪ್ತಿಯ ಮೇಲ್ಗಡೆ ಇರುತ್ತೀರಿ, ಅಷ್ಟೇ.

ಮುಖ್ಯವಾಗಿ, ಇವೆಲ್ಲ ಹುಟ್ಟಿನಿಂದ ಲೆಕ್ಕ ಹಾಕಿದ ಅಂಕಿ. ನೀವು ಆಗಲೇ 27 ವರ್ಷ ದಾಟಿಬಂದಿದ್ದೀರಿ. ಗಂಡಸರಲ್ಲಿ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಿನವರೆಗೆ. ಹೆಂಗಸರಲ್ಲಿ ಕೆಲವು ವರ್ಷ ತಡ, 45ರ ನಂತರ ಇನ್ನೊಂದು ಸಣ್ಣ ಏರಿಕೆಯೂ ಇದೆ. ಲಕ್ಷಣವೇ ಇಲ್ಲದೆ 27 ಮುಟ್ಟಿದ ಗಂಡಸಿಗೆ ಅಪಾಯದ ಸುಮಾರು ಅರ್ಧ ಹಿಂದೆ ಹೋಗಿದೆ. ಒರಟು ಲೆಕ್ಕದಲ್ಲಿ ಉಳಿದದ್ದು ನೂರಕ್ಕೆ ನಾಲ್ಕೋ ಆರೋ. ನಲವತ್ತಕ್ಕೆ ಬರುವಷ್ಟರಲ್ಲಿ ಅದೂ ಬಹಳ ಕರಗಿರುತ್ತದೆ. 17ರ ತಂಗಿ ಇದ್ದರೆ ಅವಳಿಗೆ ಈ ರಿಯಾಯಿತಿ ಇನ್ನೂ ಸಿಕ್ಕಿಲ್ಲ, ನೆನಪಿರಲಿ.

ಇದೆಲ್ಲ ನಿಂತಿರುವುದು ಅಮ್ಮನ ರೋಗನಿರ್ಣಯ ಸರಿ ಎಂಬ ನಂಬಿಕೆಯ ಮೇಲೆ. ಜನ ಎಡವುವುದು ಇಲ್ಲೇ. ಮನೆಯವರ ಬಾಯಲ್ಲಿ "ತಲೆ ಕೆಟ್ಟಿತ್ತು" ಎಂದರೆ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಓಲಾಡುವ ಕಾಯಿಲೆ) ಆಗಿರಬಹುದು, ಹೆರಿಗೆಯ ನಂತರದ ಮನೋವಿಕಾರ, ಕುಡಿತ, ಥೈರಾಯ್ಡ್, ಮಿದುಳಿನ ಉರಿಯೂತ ಏನೂ ಆಗಿರಬಹುದು. ನಾನಾಗಿದ್ದರೆ ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯುತ್ತಿದ್ದೆ. ಕಾಯಿಲೆ ಬಿದ್ದ ಪ್ರತಿಯೊಬ್ಬರ ಪಕ್ಕದಲ್ಲಿ: ಎಷ್ಟನೇ ವಯಸ್ಸಿಗೆ ಶುರುವಾಯಿತು, ಪೂರ್ತಿ ಗುಣವಾಗಿ ಮತ್ತೆ ಮತ್ತೆ ಬರುತ್ತಿತ್ತೋ ಅಥವಾ ಎಳೆದುಕೊಂಡೇ ಹೋಯಿತೋ, ನಶೆ ಇತ್ತೋ, ಯಾವ ಮಾತ್ರೆ ಹಿಡಿಯಿತು. ಹಳೆಯ ಚೀಟಿ, ಡಿಸ್ಚಾರ್ಜ್ ಪತ್ರ ಹುಡುಕಿ. ಮಾವನ ಚೀಟಿಯಲ್ಲಿ ವರ್ಷಗಟ್ಟಲೆ ಲಿಥಿಯಂ ಒಂದೇ ಇದ್ದು, ನಡುವೆ ಎರಡು ಮೂರು ವರ್ಷ ಕೆಲಸ, ಸಂಸಾರ ಎಲ್ಲ ನೆಟ್ಟಗೆ ನಡೆದಿದ್ದರೆ ಅದು ಬೈಪೋಲಾರ್ ಕಡೆಗೆ ಕೈ ತೋರಿಸುತ್ತದೆ. ಕ್ಲೋಜಪಿನ್ ಇದ್ದರೆ ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾ ಇದ್ದಿರಬಹುದು. ಎರಡೂ ಕಾಯಿಲೆಗಳ ಜೀನ್‌ಗಳಲ್ಲಿ ಸಾಕಷ್ಟು ಹಂಚಿಕೆ ಇದೆ. ಹಾಗಾಗಿ ಬೈಪೋಲಾರ್ ಎಂದು ತಿಳಿದರೆ ಅದನ್ನು ಪಟ್ಟಿಯಿಂದ ಅಳಿಸಬೇಡಿ, ಹೆಸರು ಸರಿಪಡಿಸಿ. ಈ ಹಾಳೆಯೊಂದಿಗೆ ಮನೋವೈದ್ಯರ ಹತ್ತಿರ ಹೋದರೆ ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ. 2022ರ ದೊಡ್ಡ ಅಧ್ಯಯನವೊಂದು ಜೀನೋಮಿನಲ್ಲಿ 287 ಜಾಗಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಎಳ್ಳುಕಾಳಿನಷ್ಟು. ಅವನ್ನೆಲ್ಲ ಕೂಡಿಸಿದರೂ ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲಾಗದು. ಇದಕ್ಕೊಂದು ಅಪವಾದವಿದೆ. ಕುಟುಂಬದಲ್ಲಿ ಕಾಯಿಲೆಯ ಜೊತೆಗೆ ಹುಟ್ಟಿನಿಂದ ಹೃದಯದ ದೋಷ, ಸೀಳು ಅಂಗುಳ, ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆ, ಕಲಿಕೆಯ ತೊಂದರೆ ಸೇರಿಕೊಂಡಿದ್ದರೆ 22ನೇ ಕ್ರೋಮೋಸೋಮಿನ ಒಂದು ತುಣುಕು ಕಳೆದುಹೋಗಿರಬಹುದು. ಹಾಗಿರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಥರದ ಕಾಯಿಲೆ ಬರುತ್ತದೆ. ಅದನ್ನು ಪತ್ತೆಹಚ್ಚುವ ಪರೀಕ್ಷೆ ಮೈಕ್ರೋಅರೇ. ಮೊದಲು ಅಮ್ಮನಿಗೆ ಮಾಡಿಸಬೇಕು, ನಿಮಗಲ್ಲ.

ನಿಮ್ಮ ಕೈಯಲ್ಲಿ ಇರುವುದರಲ್ಲಿ ಎಲ್ಲಕ್ಕಿಂತ ತೂಕದ್ದು ಗಾಂಜಾ. ಅತಿ ಹೆಚ್ಚು ಸೇದುವವರಲ್ಲಿ ಸೈಕೋಸಿಸ್‌ನ, ಅಂದರೆ ವಾಸ್ತವದ ಹಿಡಿತ ತಪ್ಪುವ ಸ್ಥಿತಿಯ, ಅಪಾಯ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು ಕಂಡುಬಂದಿದೆ. ಗಾಂಜಾದಲ್ಲಿ ನಶೆ ಏರಿಸುವ ಅಂಶವಾದ ಟಿಎಚ್‌ಸಿ ಹೆಚ್ಚಿದ್ದಷ್ಟೂ, ಚಿಕ್ಕ ವಯಸ್ಸಿನಲ್ಲಿ ಶುರುಮಾಡಿದಷ್ಟೂ ಕೆಟ್ಟದ್ದು. ನಿಮ್ಮಂಥ ಮನೆಯವರಿಗೆ "ಯಾವಾಗಲಾದರೂ ಒಮ್ಮೆ" ಎಂಬ ಸುರಕ್ಷಿತ ಪ್ರಮಾಣ ಇಲ್ಲ ಎಂದೇ ಹೇಳುತ್ತೇನೆ. ಮೆತ್‌ನಂಥ ಉತ್ತೇಜಕಗಳಿಗೂ ಅದೇ ಮಾತು. ಅಮ್ಮನಿಗೆ ಕಾಯಿಲೆ ಬರಲು ಬೆಳೆಸಿದ ರೀತಿ ಕಾರಣ ಎಂದು ಯಾರಾದರೂ ಅಜ್ಜಿಯನ್ನು ದೂರಿದ್ದರೆ ಆ ವಾದವನ್ನು ಬಿಟ್ಟುಬಿಡಿ. 1966ರಲ್ಲೇ ಹೆಸ್ಟನ್ ಎಂಬ ಮನೋವೈದ್ಯರು, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಂದ ಹುಟ್ಟಿದ ಕೆಲವೇ ದಿನಕ್ಕೆ ಬೇರ್ಪಟ್ಟು ಬೇರೆಡೆ ಬೆಳೆದ 47 ಮಕ್ಕಳನ್ನು ನೋಡಿದರು. ಐವರಿಗೆ ಕಾಯಿಲೆ ಬಂದಿತ್ತು. ಹೋಲಿಕೆಗೆ ಇಟ್ಟುಕೊಂಡ, ತಾಯಿಗೆ ಈ ಕಾಯಿಲೆ ಇಲ್ಲದ 50 ಮಂದಿಯಲ್ಲಿ ಒಬ್ಬರಿಗೂ ಇಲ್ಲ.

ಗಮನಿಸಬೇಕಾದ್ದು ಏನು? ಒಂದು ಕೆಟ್ಟ ದಿನವಲ್ಲ, ತಿಂಗಳುಗಟ್ಟಲೆಯ ಇಳಿಜಾರು: ನಿದ್ದೆ ತಲೆಕೆಳಗು, ಸ್ನೇಹಿತರಿಂದ ದೂರ, ಕೆಲಸದಲ್ಲಿ ಕುಸಿತ, ಸ್ನಾನಕ್ಕೂ ಬೇಸರ. ಆಮೇಲೆ ಅರ್ಥಗಳು ಬದಲಾಗತೊಡಗುತ್ತವೆ. ಬಸ್ಸಿನಲ್ಲಿ ಇಬ್ಬರು ನಕ್ಕರೆ ಅದು ನನ್ನನ್ನೇ ನೋಡಿ ಅನ್ನಿಸುವುದು, ಖಾಲಿ ಕೋಣೆಯಲ್ಲಿ ಯಾರೋ ಹೆಸರು ಹಿಡಿದು ಕರೆದಂತಾಗುವುದು. "ಇದು ನನ್ನ ಭ್ರಮೆಯೇ ಇರಬೇಕು" ಎಂಬ ಅನುಮಾನ ಇನ್ನೂ ಉಳಿದಿರುವ ಈ ಹಂತದಲ್ಲೇ ವೈದ್ಯರನ್ನು ಕಾಣಬೇಕು. ಆ ಅನುಮಾನ ಹೋದ ಮೇಲೆ ನೀವಾಗಿ ಹೋಗುವುದು ಕಷ್ಟ. ಆದ್ದರಿಂದ ನಿಮ್ಮನ್ನು ದಿನಾ ನೋಡುವ ಒಬ್ಬರಿಗೆ ಈಗಲೇ ಹೇಳಿಡಿ, ಹೀಗೆ ಕಂಡರೆ ನಾನು ಬೇಡವೆಂದರೂ ಕರೆದೊಯ್ಯಿ ಎಂದು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕುಂಟುತ್ತದೆ. ಅಂದಹಾಗೆ, ನಿದ್ದೆಗೆ ಜಾರುವಾಗ ಹೆಸರು ಕೇಳಿಸುವುದು ಆರೋಗ್ಯವಂತರಿಗೂ ಆಗುತ್ತದೆ, ಅದಕ್ಕೆ ಹೆದರಬೇಡಿ.

ಇನ್ನು ಮಕ್ಕಳು. ನಿಮಗೆ ಬಾರದಿದ್ದರೆ ಹುಟ್ಟುವ ಮಗು ಅಮ್ಮನ ಮೊಮ್ಮಗು, ಅಂದರೆ ನೂರಕ್ಕೆ 5ರ ಆಸುಪಾಸು. ತಾನು ಆರೋಗ್ಯವಾಗಿದ್ದರೆ ಜೀನ್‌ಗಳು ಅಲ್ಲಿಗೇ ನಿಂತವು ಎಂದುಕೊಳ್ಳುವವರಿದ್ದಾರೆ, ಅದು ತಪ್ಪು: ಕಾಯಿಲೆ ಬಾರದ ತದ್ರೂಪಿ ಅವಳಿಯ ಮಕ್ಕಳಲ್ಲೂ, ಕಾಯಿಲೆ ಬಂದ ಅವಳಿಯ ಮಕ್ಕಳಷ್ಟೇ ಅಪಾಯ ಕಂಡುಬಂದದ್ದುಂಟು. ಆದರೆ ನೂರಕ್ಕೆ 5 ಎಂದರೆ 95 ಮಕ್ಕಳಿಗೆ ಬರುವುದಿಲ್ಲ. ಮದುವೆಯಾಗುವವರ ಮನೆಯಲ್ಲೂ ಈ ಕಾಯಿಲೆ ಇದ್ದರೆ ಮಾತ್ರ ಲೆಕ್ಕ ಏರುತ್ತದೆ. ಆಗ ಇಬ್ಬರೂ ತಮ್ಮ ತಮ್ಮ ಹಾಳೆ ಹಿಡಿದು ಒಟ್ಟಿಗೇ ಆನುವಂಶಿಕ ಸಲಹೆಗಾರರನ್ನು ಕಾಣಿ.